ಅತ್ತಿಗೆಗೆ ಬೆಟ್ಟ ಬೇಡ ಕಾಕಾ

ಕಾಕಾ, ಬೆಳಿಗ್ಗೆ ನೀವು ಗ್ರೂಪಿಗೆ ಕಳಿಸಿದ ವಾಯ್ಸ್ ಮೆಸೇಜನ್ನು ಎರಡು ಸಲ ಕೇಳಿದೆ. ಶನಿವಾರ ಎಲ್ಲರೂ ಅಂಜನಾದ್ರಿಗೆ ಹೋಗೋಣ, ಅತ್ತಿಗೆಯನ್ನೂ ಕರೆತನ್ನಿ, ಮಲಗಿ ಮಲಗಿ ಮೈ ಜಡ್ಡುಗಟ್ಟಿದೆ, ಬೆಟ್ಟ ಹತ್ತಿದರೆ ಸರಿಹೋಗುತ್ತದೆ ಎಂದಿರಿ. ಪ್ರೀತಿಯಿಂದಲೇ ಹೇಳಿದ್ದೀರಿ, ಗೊತ್ತು. ಆದರೆ ಬೇಡ ಕಾಕಾ. ಅತ್ತಿಗೆಗೆ ಇರುವುದು ಲಾಂಗ್ ಕೋವಿಡ್, ಕೋವಿಡ್ ಬಂದುಹೋದ ಮೇಲೂ ತಿಂಗಳುಗಟ್ಟಲೆ ಬಿಡದ ತೊಂದರೆ. ಬೆಟ್ಟಕ್ಕೆ 575 ಮೆಟ್ಟಿಲು. ಅವರು ಹಟದಿಂದ ಹತ್ತಿಯೂ ಬಿಡಬಹುದು, ನನಗೆ ಅದೇ ಭಯ. ಶನಿವಾರ ನಗುತ್ತಾ ಇಳಿಯುತ್ತಾರೆ, ಸೋಮವಾರ ಹಾಸಿಗೆಯಿಂದ ಏಳುವುದಿಲ್ಲ.

ಹೋದ ತಿಂಗಳು ಪಕ್ಕದ ಮನೆ ಮದುವೆಗೆಂದು ಒಂದೇ ದಿನ ಮೂರು ಬ್ಲೌಸ್ ಹೊಲಿದರು. ಅವತ್ತು ಚೆನ್ನಾಗಿಯೇ ಇದ್ದರು. ಮರುದಿನ ಸಂಜೆಯಿಂದ ಮೈಕೈ ನೋವು, ಎದೆ ಡವಡವ, ತಲೆಯೆಲ್ಲ ಮಂಕು. ಒಲೆ ಮೇಲೆ ಹಾಲಿಟ್ಟದ್ದೂ ನೆನಪಿಲ್ಲ. ಐದು ದಿನ ಹಾಗೇ ಇದ್ದರು. ಲಾಂಗ್ ಕೋವಿಡ್ ಇರುವ ಎಷ್ಟೋ ಜನರಿಗೆ ಹೀಗೇ ಆಗುತ್ತದೆ. ದಣಿದದ್ದು ಅವತ್ತೇ ಗೊತ್ತಾಗುವುದಿಲ್ಲ. ಅರ್ಧ ದಿನವೋ ಮೂರು ದಿನವೋ ಬಿಟ್ಟು ಬಂದು ಕೆಡವುತ್ತದೆ.

2021ರ ಮೇನಲ್ಲಿ ಅವರಿಗೆ ಕೋವಿಡ್ ಬಂದಾಗ ಆಸ್ಪತ್ರೆಗೇ ಸೇರಿಸಲಿಲ್ಲ, ಮನೆಯಲ್ಲೇ ಇದ್ದು ಎದ್ದರು. ಅದಕ್ಕೇ ಯಾರೂ ನಂಬುವುದಿಲ್ಲ. ತೋರಣಗಲ್ಲಿನ ಕೋವಿಡ್ ಆಸ್ಪತ್ರೆಯಲ್ಲಿ ಆಕ್ಸಿಜನ್ ಮೇಲಿದ್ದವರೇ ಈಗ ಗದ್ದೆಗೆ ಹೋಗುತ್ತಾರೆ, ಇವರಿಗೇನು ಅನ್ನುತ್ತಾರೆ. ಸಣ್ಣದಾಗಿ ಬಂದುಹೋದವರಲ್ಲೂ ಇದು ಉಳಿಯುತ್ತದೆ ಕಾಕಾ.

ಅತ್ತಿಗೆಯದು ಸೋಮಾರಿತನ ಅಂತ ಗ್ರೂಪಿನಲ್ಲಿ ಯಾರೋ ಬರೆದಿದ್ದರಲ್ಲ, ಅವರೂ ಕೇಳಲಿ. 2024ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. 25 ಮಂದಿ ಲಾಂಗ್ ಕೋವಿಡ್ ಇದ್ದವರು, 21 ಮಂದಿ ಆರೋಗ್ಯವಂತರು. ಎಲ್ಲರಿಂದಲೂ ಸ್ವಲ್ಪ ಹೊತ್ತು ಸೈಕಲ್ ತುಳಿಸಿದರು. ತುಳಿಯುವ ಮೊದಲು ಮತ್ತು ಮರುದಿನ ತೊಡೆಯ ಮಾಂಸಖಂಡದ ಚೂರು ತೆಗೆದು ನೋಡಿದರು. ಕಾಯಿಲೆಯವರಲ್ಲಿ ಕೋಶದೊಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾ ಮೊದಲೇ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ, ತುಳಿದ ಮೇಲೆ ಇನ್ನೂ ಕುಗ್ಗಿತ್ತು. ಮಾಂಸಖಂಡಕ್ಕೇ ಪೆಟ್ಟಾಗಿತ್ತು. ಅತ್ತಿಗೆ ಹೊಲಿಗೆ ಮಷೀನ್ ತುಳಿಯುವುದೂ ಅದೇ ಅಲ್ವಾ?

ಒಬ್ಬ ಡಾಕ್ಟರು ರಿಪೋರ್ಟ್ ನೋಡಿ, ಎಲ್ಲ ನಾರ್ಮಲ್, ಟೆನ್ಶನ್ ಬಿಡಿ ಎಂದುಬಿಟ್ಟರು. ಕೊಪ್ಪಳದಿಂದ ಗಂಗಾವತಿವರೆಗೂ ಬಸ್ಸಿನಲ್ಲಿ ಅತ್ತಿಗೆ ಅಳುತ್ತಲೇ ಬಂದರು. ನನಗದು ಇವತ್ತಿಗೂ ಮರೆಯಲಾಗಿಲ್ಲ. ಟೆಸ್ಟ್ ಬೇಡ ಎನ್ನುತ್ತಿಲ್ಲ. ಥೈರಾಯ್ಡ್, ಸಕ್ಕರೆ, ರಕ್ತ ಕಡಿಮೆ ಇರುವುದು, ಇವೆಲ್ಲ ನೋಡಿಸಲೇಬೇಕು. ಆದರೆ ಲಾಂಗ್ ಕೋವಿಡ್ ಇದೆ ಅಂತ ತೋರಿಸುವ ಟೆಸ್ಟ್ ಇನ್ನೂ ಬಂದಿಲ್ಲ. ಕೋವಿಡ್ ಬಂದು ಮೂರು ತಿಂಗಳಾದರೂ ತೊಂದರೆ ಇದ್ದು, ಅದು ಕನಿಷ್ಠ ಎರಡು ತಿಂಗಳು ಉಳಿದು, ಬೇರೆ ಕಾರಣ ಸಿಗದಿದ್ದರೆ ಇದೇ ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲೇ ಹೇಳಿದೆ. ಖಚಿತವಾಗಿ ವಾಸಿಮಾಡುವ ಔಷಧಿಯೂ ಇಲ್ಲ. ಯಾರಾದರೂ ಇದೆ ಅಂತ ಬಾಟಲಿ ಕೊಟ್ಟರೆ ದಯವಿಟ್ಟು ದುಡ್ಡು ಕೊಡಬೇಡಿ.

ಈಗ ನಾವು ಮಾಡುತ್ತಿರುವುದು ಇಷ್ಟೇ. ದಣಿಯುವ ಮೊದಲೇ ನಿಲ್ಲಿಸುವುದು. ರೊಟ್ಟಿ ನಾನು ಬಡಿಯುತ್ತೇನೆ, ಅವರು ಕುಳಿತು ಪಲ್ಯಕ್ಕೆ ಹೆಚ್ಚಿಕೊಡುತ್ತಾರೆ. ಮಷೀನ್ ಮುಂದೆ ಇಪ್ಪತ್ತು ನಿಮಿಷ, ಆಮೇಲೆ ಮಲಗಲೇಬೇಕು, ಚೆನ್ನಾಗಿದ್ದೇನೆ ಎಂದರೂ ಸರಿ. ಹೀಗೆ ಮಾಡಿದ ಮೇಲೆ ಎರಡು ವಾರದಿಂದ ಕೆಟ್ಟ ದಿನ ಬಂದಿಲ್ಲ.

ಶನಿವಾರ ನೀವೆಲ್ಲ ಹತ್ತಿ ಬನ್ನಿ. ನಾನು ಅತ್ತಿಗೆ ಜೊತೆ ಮನೆಯಲ್ಲಿರುತ್ತೇನೆ. ಇಳಿದ ಮೇಲೆ ಕಾಕಿಯನ್ನು ಕರೆದುಕೊಂಡು ಮನೆಗೆ ಬನ್ನಿ, ಅರ್ಧ ಗಂಟೆ ಕೂತು ಹೋಗಿ. ಜಾಸ್ತಿ ಮಾತಾಡಿದರೂ ದಣಿಯುತ್ತಾರೆ. ಕಾಕಿಯ ಶೇಂಗಾ ಚಟ್ನಿ ಮುಗಿದಿದೆಯಂತೆ, ಅತ್ತಿಗೆಯೇ ಹೇಳಲು ಹೇಳಿದರು.