ಆಸ್ಕರ್ ಫಿಶಿಂಗರ್ ಅಮೆರಿಕದಲ್ಲಿ ಇಷ್ಟು ಕಡಿಮೆ ಚಿತ್ರಗಳನ್ನು ಮಾಡಿದ್ದೇಕೆ?

ಪ್ರಶ್ನೆ:
ಜರ್ಮನಿಯ ಪ್ರಾಯೋಗಿಕ ಚಿತ್ರ ನಿರ್ದೇಶಕ ಆಸ್ಕರ್ ಫಿಶಿಂಗರ್ (1900–1967) ಅವರ ಚಿತ್ರಗಳನ್ನು ಕಾಲಕ್ರಮದಲ್ಲಿ ನೋಡುತ್ತಿದ್ದೇನೆ. ಬರ್ಲಿನ್‌ನಲ್ಲಿದ್ದಾಗ ಇದ್ದಿಲಿನ ರೇಖೆಗಳು ಸಂಗೀತದ ಲಯಕ್ಕೆ ಚಲಿಸುವ ‘ಸ್ಟುಡಿ’ ಸರಣಿಯನ್ನು ಒಂದರ ಹಿಂದೊಂದರಂತೆ ಮಾಡಿದವರು, 1936ರಲ್ಲಿ ಹಾಲಿವುಡ್ ಸೇರಿದ ಮೇಲೆ ಬೆರಳೆಣಿಕೆಯ ಚಿತ್ರಗಳನ್ನಷ್ಟೇ ಮುಗಿಸಿದರು. ಅಮೂರ್ತ ಕಲೆಯನ್ನು ನಾಜಿಗಳು ಹೀಗಳೆಯುತ್ತಿದ್ದ ನಾಡಿನಲ್ಲಿ ಸಾಗಿದ ಕೆಲಸ ಅಮೆರಿಕದಲ್ಲಿ ಕುಂಟಿದ್ದೇಕೆ?

ಉತ್ತರ 1:
ಜರ್ಮನಿಯಲ್ಲಿ ಅವರನ್ನು ಕಾಪಾಡಿದ್ದು ಜಾಹೀರಾತು. ಗ್ಯಾಸ್ಪರ್‌ಕಲರ್ ಎಂಬ ವರ್ಣ ಪದ್ಧತಿಯಲ್ಲಿ ತೆಗೆದ ‘ಕ್ರೈಸೆ’ಯಲ್ಲಿ ಇರುವುದು ಬರೀ ವೃತ್ತಗಳು; ಆದರೆ ಅದನ್ನು ಟೋಲಿರಾಗ್ ಎಂಬ ಜಾಹೀರಾತು ಸಂಸ್ಥೆಗಾಗಿ ಮಾಡಿದ್ದರಿಂದ ಸೆನ್ಸಾರ್ ಅಡ್ಡಿಪಡಿಸಲಿಲ್ಲ. 1934ರಲ್ಲಿ ಸಿಗರೇಟುಗಳೇ ಕವಾಯತು ಮಾಡುವ ಮುರಾಟ್ಟಿ ಜಾಹೀರಾತು ಜನಪ್ರಿಯವಾಯಿತು. ಹಾಲಿವುಡ್‌ನಲ್ಲಿ ಇಂಥ ಮರೆ ಇರಲಿಲ್ಲ, ಸ್ಟುಡಿಯೋದ ಮರ್ಜಿ ಮಾತ್ರ ಇತ್ತು. ಪ್ಯಾರಮೌಂಟ್‌ಗಾಗಿ ಅವರು ವರ್ಣದಲ್ಲಿ ಯೋಜಿಸಿದ ‘ಅಲೆಗ್ರೆಟ್ಟೋ’ವನ್ನು ಸಂಸ್ಥೆ ಕಪ್ಪು ಬಿಳುಪಿನಲ್ಲೇ ಬಯಸಿದ್ದರಿಂದ ಅವರು ಅಲ್ಲಿಂದ ಹೊರಬಂದರು. ಡಿಸ್ನಿಯಲ್ಲಿ, ‘ಫ್ಯಾಂಟೇಸಿಯಾ’ ಚಿತ್ರದಲ್ಲಿ ಸಂಗೀತ ರಚನಕಾರ ಬಾಖ್‌ನ ಕೃತಿ ಇರುವ ಭಾಗಕ್ಕೆ ಅವರು ರಚಿಸಿದ ವಿನ್ಯಾಸಗಳನ್ನು ಸರಳಗೊಳಿಸಿ, ಗುರುತು ಸಿಗದಷ್ಟು ಬದಲಿಸಲಾಯಿತು, 1939ರಲ್ಲಿ ಅವರು ಅಲ್ಲಿಂದಲೂ ಹೊರನಡೆದರು.

ಉತ್ತರ 2:
ಸ್ಟುಡಿಯೋಗಳನ್ನೇ ದೂರುವುದು ಅರ್ಧ ಉತ್ತರವಷ್ಟೇ ಎಂದು ನನ್ನ ಅಭಿಪ್ರಾಯ, ಏಕೆಂದರೆ ಎಂಜಿಎಂ ಸ್ಟುಡಿಯೋಗಾಗಿ ಮಾಡಿದ ‘ಆ್ಯನ್ ಆಪ್ಟಿಕಲ್ ಪೊಯೆಮ್’ ಪೂರ್ಣಗೊಂಡು ತೆರೆಕಂಡಿತು. ತಂತಿಗೆ ತೂಗುಬಿಟ್ಟ ಕಾಗದದ ಆಕೃತಿಗಳನ್ನು ಕೂದಲೆಳೆಯಷ್ಟು ಸರಿಸಿ, ಒಂದೊಂದು ಚೌಕಟ್ಟಿಗೂ (ಫ್ರೇಮ್) ನಿಂತು ಚಿತ್ರೀಕರಿಸಿದ ಆ ಚಿತ್ರವನ್ನು ನೋಡಿದರೆ ಅವರ ಸ್ವಭಾವ ತಿಳಿಯುತ್ತದೆ. ಯುವಕರಾಗಿದ್ದಾಗಲೇ ಮೇಣದ ದಿಮ್ಮಿಯನ್ನು ತೆಳುವಾಗಿ ಕೊಯ್ಯುತ್ತಾ, ಪ್ರತಿ ಸೀಳನ್ನೂ ಚಿತ್ರೀಕರಿಸುವ ಯಂತ್ರವನ್ನು ತಾವೇ ಕಟ್ಟಿದ್ದವರು ಅವರು. ಹೀಗೆ ಎಲ್ಲವನ್ನೂ ಕೈಯಾರೆ ಮಾಡುವವರು ಕೆಲಸ ಹಂಚಿಕೊಂಡು ನಡೆಯುವ ಕಾರ್ಖಾನೆಯಲ್ಲಿ ಹೊಂದಿಕೊಳ್ಳುವುದು ಕಷ್ಟ. (ಡಿಸ್ನಿ ಪ್ರಸಂಗವನ್ನೇ ಎಲ್ಲರೂ ಹೇಳುತ್ತಾರೆ; ಆದರೆ ಅದು ವರ್ಷ ತುಂಬದ ನೌಕರಿ.)

ಉತ್ತರ 3:
ಹಣದ ಮಾತು ಬಿಟ್ಟುಹೋಯಿತು. ಸ್ಟುಡಿಯೋಗಳ ನಂತರ ಅವರಿಗೆ ನೆರವಾದದ್ದು ಗುಗನ್‌ಹೈಮ್ ಪ್ರತಿಷ್ಠಾನ; ಅಲ್ಲಿನ ಕಲಾ ಸಂಗ್ರಹದ ಮೇಲ್ವಿಚಾರಕಿ ಹಿಲ್ಲಾ ರಿಬೇ ಅವರಿಗೂ ತಮ್ಮದೇ ನಿರೀಕ್ಷೆಗಳಿದ್ದವು. ಬಾಖ್‌ನ ಮೂರನೆಯ ಬ್ರ್ಯಾಂಡೆನ್‌ಬರ್ಗ್ ಕನ್ಸರ್ಟೋ ಜೊತೆಗಿರುವ 1947ರ ‘ಮೋಷನ್ ಪೇಂಟಿಂಗ್ ನಂ. 1’ರಲ್ಲಿ ಫಿಶಿಂಗರ್ ಸ್ವರಕ್ಕೊಂದು ಆಕೃತಿ ಹೊಂದಿಸುವ ತಮ್ಮ ಹಳೆಯ ಕ್ರಮವನ್ನೇ ಬಿಟ್ಟು, ಪ್ಲೆಕ್ಸಿಗ್ಲಾಸ್ ಎಂಬ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಮೇಲೆ ತೈಲವರ್ಣ ಹಚ್ಚುತ್ತಾ ಕುಂಚದ ಪ್ರತಿ ಎಳೆತಕ್ಕೂ ಒಂದು ಚೌಕಟ್ಟು ತೆಗೆದರು. ರಿಬೇ ಅವರಿಗೆ ಅದು ಹಿಡಿಸಲಿಲ್ಲ. ನನ್ನ ದೃಷ್ಟಿಯಲ್ಲಿ ಅವರ ಅತ್ಯುತ್ತಮ ಚಿತ್ರ ಅದೇ. 1949ರಲ್ಲಿ ಬೆಲ್ಜಿಯಂನ ಪ್ರಾಯೋಗಿಕ ಚಿತ್ರ ಸ್ಪರ್ಧೆಯಲ್ಲಿ ಅದಕ್ಕೆ ಅತ್ಯುನ್ನತ ಬಹುಮಾನವೂ ಬಂತು. ಆದರೆ ಮುಂದಿನ ಚಿತ್ರಕ್ಕೆ ಹಣ ಒದಗಲಿಲ್ಲ. ಆ ಬಳಿಕ ಅವರು ಬಹುಪಾಲು ಕ್ಯಾನ್ವಾಸ್ ಚಿತ್ರಕಲೆಯಲ್ಲೇ ತೊಡಗಿದರು.