ಪದಚರ್ಚೆ: ಹಳೆಯ ಕಾರಿನ ಚಾಸಿಗೆ ‘ಚೌಕಟ್ಟು’ ಎನ್ನಬಹುದೇ?

ಪ್ರಶ್ನೆ: 1907ರ ರೋಲ್ಸ್-ರಾಯ್ಸ್ ಸಿಲ್ವರ್ ಘೋಸ್ಟ್ ಕುರಿತ ಬರಹವೊಂದರ ಅನುವಾದ ನಡೆದಿದೆ. ಕಂಪನಿ ಬರೀ ಚಾಸಿ ಮಾರುತ್ತಿತ್ತು, ಕೋಚ್‌ವರ್ಕ್ (ಅದರ ಮೇಲೆ ಕಟ್ಟುವ ಬಾಡಿ) ಲಂಡನ್ನಿನ ಬಾರ್ಕರ್ ಕಂಪನಿಯದು ಎಂಬ ಮಾತು ಬರುತ್ತದೆ. ಚಾಸಿಗೆ ‘ಚೌಕಟ್ಟು’, ಕೋಚ್‌ವರ್ಕ್‌ಗೆ ‘ಹೊರಕವಚ’ ಎಂದರೆ ನಡೆದೀತೇ?

ಉತ್ತರ 1: ‘ಚೌಕಟ್ಟು’ ಬೇಡ. ಎರಡು ಉದ್ದನೆಯ ಉಕ್ಕಿನ ಪಟ್ಟಿ, ನಡುವೆ ಅಡ್ಡಪಟ್ಟಿ, ಓದುವವರ ಕಣ್ಣಿಗೆ ಬರುವುದು ಅಷ್ಟೇ. ಅದು ಫ್ರೇಮ್. ಆಗಿನ ಚಾಸಿ ಎಂದರೆ ಫ್ರೇಮಿನ ಜೊತೆಗೆ ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್, ಸ್ಪ್ರಿಂಗು, ಸ್ಟೀರಿಂಗ್, ರೇಡಿಯೇಟರ್ ಎಲ್ಲವೂ. ತಾತ್ಕಾಲಿಕ ಸೀಟು ಬಿಗಿದರೆ ರಸ್ತೆಯಲ್ಲಿ ಓಡಿಸಿ ನೋಡಬಹುದಾದ ಗಾಡಿ. ಈ ಕಾರಿನ 7,036 ಸಿ.ಸಿ. ಎಂಜಿನ್ನು, ಅದರ ಆರು ಸಿಲಿಂಡರು (ಮೂರು ಮೂರರ ಎರಡು ಬ್ಲಾಕು), ಏಳು ಬೇರಿಂಗಿನ ಕ್ರ್ಯಾಂಕ್‌ಶಾಫ್ಟು, ಇಷ್ಟೂ ಆ ಒಂದು ಪದದೊಳಗೆ ಸೇರುತ್ತದೆ. ಅಲ್ಲದೆ ಆರ್‌ಸಿ ಪುಸ್ತಕ ಹಿಡಿದವರೆಲ್ಲ ‘ಚಾಸಿ ನಂಬರ್’ ಎಂದೇ ಹೇಳುವಾಗ ಈ ಕಾರಿಗೆ ಮಾತ್ರ ‘ಚೌಕಟ್ಟಿನ ಸಂಖ್ಯೆ 60551’ ಎಂದರೆ ಯಾರಿಗೆ ತಿಳಿದೀತು?

‘ಹೊರಕವಚ’ವೂ ಸಾಲದು. ಒಳಗೆ ಆಶ್ ಮರದ ಅಸ್ಥಿಪಂಜರ, ಅದರ ಮೇಲೆ ಬಡಿದು ಕೂರಿಸಿದ ತಗಡು, ಬಾಗಿಲು, ಚರ್ಮದ ಸೀಟು, ಪದರಪದರವಾಗಿ ಬಳಿದು ಉಜ್ಜಿದ ಬಣ್ಣ ಎಲ್ಲ ಸೇರಿ ಕೋಚ್‌ವರ್ಕ್. ಹಳ್ಳಕೊಳ್ಳದಲ್ಲಿ ಫ್ರೇಮ್ ತುಸು ತಿರುಚಿಕೊಳ್ಳುತ್ತದೆ. ಬಾಡಿಯನ್ನು ಅದಕ್ಕೆ ಅಲುಗದಂತೆ ಬಿಗಿದರೆ ಮರದ ಕೂಡುಗಳು ಸಡಿಲವಾಗಿ ಕಿರುಗುಟ್ಟುತ್ತವೆ, ಬಾಗಿಲು ಹಿಡಿದುಕೊಳ್ಳುತ್ತದೆ, ಕೊನೆಗೆ ತಗಡು ಮೂಲೆಯಲ್ಲಿ ಬಿರಿಯುತ್ತದೆ. ಕವಚಕ್ಕೆ ಈ ಗೋಳೆಲ್ಲ ಎಲ್ಲಿ? ನಮ್ಮ ಲಾರಿ ಮಾಲೀಕರ ಮಾತು ಸಿದ್ಧವಾಗಿಯೇ ಇದೆ: ‘ಚಾಸಿ ತಂದು ಬಾಡಿ ಕಟ್ಟಿಸುವುದು’. ಕೆಲಸವೂ ಅದೇ, ಕ್ರಮವೂ ಅದೇ. ‘ರೋಲ್ಸ್-ರಾಯ್ಸ್ ಚಾಸಿ ಕೊಟ್ಟಿತು, ಬಾರ್ಕರ್ ಬಾಡಿ ಕಟ್ಟಿತು’ ಎಂದುಬಿಡಿ.

ಉತ್ತರ 2: ‘ಬಾಡಿ ಕಟ್ಟು’ ನನಗೂ ಒಪ್ಪಿಗೆ. ಆದರೆ ಕೋಚ್ ಎಂದರೆ ಇಲ್ಲಿ ಸಾರೋಟು. ಬಾರ್ಕರ್‌ನವರು ಮೊದಲು ಕಟ್ಟುತ್ತಿದ್ದುದು ಕುದುರೆ ಸಾರೋಟನ್ನೇ. ಅದೇ ಬಡಗಿ, ಕಮ್ಮಾರ, ಬಣ್ಣದವರ ಕೈಚಳಕ ಕಾರಿಗೂ ಬಂತು. ಹಾಗಾಗಿ ಮೊದಲ ಸಲ ‘ಸಾರೋಟು ಕಟ್ಟುವ ಬಾರ್ಕರ್‌ನವರು’ ಎಂದು ಬರೆದು, ಮುಂದೆ ‘ಬಾಡಿ ಕಟ್ಟುವವರು’ ಎಂದರೆ ಎರಡೂ ಉಳಿಯುತ್ತವೆ.

ಇನ್ನೊಂದು ಮಾತು. ಸಿಲ್ವರ್ ಘೋಸ್ಟ್ ಎಂಬುದು 1907ರಲ್ಲಿ ಮಾದರಿಯ ಹೆಸರಲ್ಲ. ಮಾದರಿ 40/50 ಎಚ್.ಪಿ. ಕಂಪನಿಯ ಕ್ಲಾಡ್ ಜಾನ್ಸನ್ ಆ ಹೆಸರಿಟ್ಟದ್ದು ಅಲ್ಯೂಮಿನಿಯಂ ಬಣ್ಣ ಬಳಿದು ಬೆಳ್ಳಿ ಲೇಪದ ಬಿಡಿಭಾಗ ಹಾಕಿಸಿದ ಒಂದೇ ಒಂದು ಕಾರಿಗೆ, ಎಎಕ್ಸ್ 201 ನೋಂದಣಿ ನಂಬರಿನದಕ್ಕೆ. 1925ರಲ್ಲಿ ಫ್ಯಾಂಟಮ್ ಎಂಬ ಹೊಸ ಮಾದರಿ ಬಂದ ಮೇಲೆ ಹಳೆಯ ಮಾದರಿಗೆಲ್ಲ ಅದೇ ಹೆಸರು ನಿಂತಿತು. ಅನುವಾದದಲ್ಲಿ ಬೇರೆ ಮಾಡಿ ತೋರಿಸಿ. ಹೆಸರನ್ನು ಮಾತ್ರ ‘ಬೆಳ್ಳಿ ಭೂತ’ ಮಾಡಬೇಡಿ. ಸದ್ದಿಲ್ಲದೆ ಸುಳಿಯುತ್ತದೆ ಎಂದು ಇಟ್ಟ ಹೆಸರದು. ಕರಾವಳಿಯ ಭೂತ ಬರುವುದು ವಾದ್ಯದ ಅಬ್ಬರದೊಂದಿಗೆ.