ಅಪ್‌ಡೇಟ್: ಕಾರ್ಬ್ಯುರೇಟರ್ ಕಾರಿಗೆ ಇಎಫ್‌ಐ (ಎಲೆಕ್ಟ್ರಾನಿಕ್ ಫ್ಯುಯೆಲ್ ಇಂಜೆಕ್ಷನ್), ರಿಟರ್ನ್ ಲೈನ್ ಸರಿಹೋಯ್ತು
ಟ್ಯಾಂಕಿಗೆ ಗಾಳಿಯಾಡಲು ಇರುವ ಹಳೇ 6 ಎಂಎಂ ವೆಂಟ್ ಪೈಪನ್ನೇ ರಿಟರ್ನ್‌ಗೆ, ಅಂದ್ರೆ ಇಂಜಿನ್ ಬಳಸದ ಪೆಟ್ರೋಲ್ ಟ್ಯಾಂಕಿಗೆ ವಾಪಸ್ ಬರೋ ದಾರಿಗೆ, ಬಳಸಬಹುದಾ ಅಂತ ಕೇಳಿದ್ದೆ. ನನ್ನ ಪಂಪಿಗಂತೂ ಸಾಲಲ್ಲ. ಐಡಲ್‌ನಲ್ಲಿ ಪಂಪ್ ತಳ್ಳುವ ಪೆಟ್ರೋಲಿನ ಬಹುಪಾಲು ವಾಪಸ್ ಬರುತ್ತೆ. ಪೈಪು ಸಣ್ಣದಾದ್ರೆ ಪ್ರೆಶರನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಪೂರ್ತಿ ತೆರೆದರೂ ಪ್ರೆಶರ್ ಇಳಿಯಲ್ಲ. ಇಂಜಿನ್‌ನಿಂದ ರೆಗ್ಯುಲೇಟರಿಗೆ ಬರುವ ವ್ಯಾಕ್ಯೂಮ್ ಹೋಸ್ ಕಳಚಿದಾಗ 3 ಬಾರ್ ಇರಬೇಕಾದ ಗೇಜ್ 3.6ರಲ್ಲಿ ನಿಂತಿತ್ತು. ರಿಟರ್ನನ್ನು ಕ್ಯಾನಿಗೆ ಬಿಟ್ಟ ಕೂಡಲೇ ಸರಿಯಾಗಿ 3. ಅಂದ್ರೆ ರೆಗ್ಯುಲೇಟರ್ ಚೆನ್ನಾಗೇ ಇದೆ, ತಡೆ ಇರೋದು ಪೈಪಿನಲ್ಲಿ. (ಈ ಪರೀಕ್ಷೆ ತಣ್ಣಗಿನ ಇಂಜಿನ್ ಮೇಲೆ, ಬಯಲಲ್ಲಿ, ಅಗ್ನಿಶಾಮಕ ಸಿಲಿಂಡರ್ ಕೈಗೆಟುಕುವಂತೆ ಇಟ್ಟುಕೊಂಡೇ ಮಾಡಿ.)

ಈಗ ಎಕ್ಸಾಸ್ಟ್‌ನಿಂದ ದೂರಕ್ಕೆ 8 ಎಂಎಂ ಸ್ಟೀಲ್ ಪೈಪು ಎಳೆದಿದೆ. ಹೋಸ್ ಜಾರದಂತೆ ಪೈಪಿನ ತುದಿಗೆ ಬೀಡ್ (ಉಬ್ಬಿದ ಅಂಚು), ಮೇಲೆ ಆರ್9 (ಇಂಜೆಕ್ಷನ್ ಪ್ರೆಶರ್ ತಡೆಯುವ ದರ್ಜೆಯ) ಹೋಸ್, ಬೋಲ್ಟ್-ನಟ್ ಇರುವ ಇಎಫ್‌ಐ ಕ್ಲಾಂಪ್. ಸೀಳಿರುವ ಪಟ್ಟಿಯ ಮಾಮೂಲಿ ಕ್ಲಾಂಪ್ ರಬ್ಬರನ್ನು ಕೊರೆದುಬಿಡುತ್ತೆ.

ಟ್ಯಾಂಕಿನೊಳಗೆ ರಿಟರ್ನ್ ತುದಿ ತಳದ ಹತ್ತಿರವೇ ಇರಲಿ, ಆದರೆ ಪಂಪಿಗೆ ಪೆಟ್ರೋಲ್ ಎಳೆಯುವ ಪಿಕಪ್‌ನಿಂದ ದೂರ. ಮೇಲಿಂದ ಸುರಿದರೆ ನೊರೆ ಎದ್ದು ಪಂಪ್ ಗಾಳಿ ಎಳೆಯುತ್ತೆ. ಒಳಗೆ ಮುಳುಗುವ ತುಂಡಿಗೆ ಆರ್10 ಹೋಸೇ ಬೇಕು. ಆರ್9ನ ಹೊರಪದರ ಪೆಟ್ರೋಲಿನಲ್ಲಿ ನೆನೆದು ಹಾಳಾಗುತ್ತೆ. ವೆಂಟ್ ಪೈಪು ಮತ್ತೆ ವೆಂಟ್ ಕೆಲಸಕ್ಕೇ ಹೋಗಿದೆ.